ಮಾವನ ನೀಲಿ ಹುಣಸೆಬೀಜ

ದೇಶಕ್ಕೊಬ್ಬ ಹಣಕಾಸು ಮಂತ್ರಿ ಇರುವುದು ಎಲ್ಲರಿಗೂ ಗೊತ್ತು. ಕೃಷ್ಣಾ ನದಿಯ ನಡುವಿನ ಒಂದು ಸಣ್ಣ ಗಡ್ಡೆಗೂ ಒಬ್ಬರಿದ್ದಾರೆ. ಅವರು ನನ್ನ ಸೋದರಮಾವ! ಚುನಾವಣೆ ಇಲ್ಲ, ಪ್ರಮಾಣವಚನ ಇಲ್ಲ. ಗದ್ವಾಲದಲ್ಲಿ ಮೀನು ಉಳಿಸುವ ಬಗ್ಗೆ ಊಟ ಸಮೇತ ಒಂದು ದಿನದ ತರಬೇತಿ ಮುಗಿಸಿ, ಹರಿಗೋಲಿನಿಂದ ಇಳಿದವರೇ ಅಧಿಕಾರ ವಹಿಸಿಕೊಂಡರು.

ಗಡ್ಡೆಯ ಪಕ್ಕದ ಮಡುವಿನಲ್ಲಿ ಮೀನು ಕಡಿಮೆಯಾಗುತ್ತಿದ್ದದ್ದು ನಿಜ. ಮೀನು ಹೋದರೆ ಅಲ್ಲಿನ ಮನೆಗಳಿಗೆ ಬೀಗ ಬೀಳುತ್ತದೆ ಎಂಬುದೂ ನಿಜ. ‘ಕಡಿಮೆ ಹಿಡಿಯಿರಿ’ ಎಂದು ಹೇಳಿದ್ದರೆ ಆಗುತ್ತಿರಲಿಲ್ಲವೇ? ಆದರೆ ಮಾವ ಅರ್ಥಶಾಸ್ತ್ರ ಕಲಿತು ಬಂದಿದ್ದಾರಲ್ಲ! ಮನೆಗೆ ಇಷ್ಟೆಂದು ಹುಣಸೆಬೀಜ ಹಂಚಿದರು. ಒಮ್ಮೆ ಬಲೆ ಬೀಸಿದರೆ ಒಂದು ಬೀಜ ವಾಪಸು. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಾದರೆ ಹತ್ತು. ಬೀಜ ಮುಗಿದರೆ ಬಲೆ ಗೂಟಕ್ಕೆ!

ಗಡ್ಡೆಯ ತುಂಬ ಹುಣಸೆಮರಗಳಿವೆ ಎಂಬ ಸಣ್ಣ ವಿಷಯ ಮಹಾಶಯರಿಗೆ ಹೊಳೆಯಲೇ ಇಲ್ಲ. ವಾರದೊಳಗೆ ಜನ ಬುಟ್ಟಿ ಬುಟ್ಟಿ ಬೀಜ ತಂದು ಸುರಿದರು. ಮಾವ ಸೋತರೇ? ಬಾಗಿಲಿಗೆಂದು ತಂದಿದ್ದ ನೀಲಿ ಬಣ್ಣವನ್ನೆಲ್ಲ ತಮ್ಮ ಬೀಜಗಳಿಗೆ ಬಳಿದರು.

“ಇನ್ನ ಖೋಟಾ ನಡೆಯಂಗಿಲ್ಲ!”

“ಬಾಗಲಾ ಅರ್ಧಕ್ಕ ನಿಂತೈತಿ, ಅದರ ಫೈಸಲಾ ಯಾವಾಗರೀ?” ಎಂದರು ಅತ್ತೆ.

ಬೀಜವನ್ನು ಬೇರೆಯವರಿಗೆ ಮಾರಬಹುದು ಎಂಬ ಕಲಮೂ ಇತ್ತು. ಪರಿಣಾಮ? ಮೀನಿನ ವಾಸನೆಗೇ ಮೂಗು ಮುಚ್ಚುವ ಬಸಮ್ಮ ತನ್ನ ಪಾಲಿನ ಬೀಜ ಮಾರಿ ಮಾರಿ ಎರಡು ಆಡು ಕೊಂಡಳು! ದಿನಾ ಬಲೆ ಬೀಸುವ ಅಂಜಪ್ಪ ಉರಿದುಬಿದ್ದ.

“ಮೀನ ತಿನ್ನದಾಕಿ ಸಾವ್ಕಾರ್ತಿ ಆದ್ಲು, ಮೀನ ಹಿಡಿಯಾಂವ ಕಟ್ಟಿಮ್ಯಾಗ ಕುಂತೀನಿ. ಇದ್ಯಾವ ಹುಕುಂರೀ ನಿಮ್ದು?”

“ಹಂಗಾದ್ರ ನೀನೂ ತಿನ್ನೂದು ಬಿಡು.”

ಅಂಜಪ್ಪ ಮೀನು ಬಿಡಲಿಲ್ಲ, ಮಾವನ ಜೊತೆ ಮಾತು ಬಿಟ್ಟ.

ನಾನೊಮ್ಮೆ ಮೀನುಸಾರಿನ ಆಸೆಗೆ ಮಕ್ತಲ್‌ನಿಂದ ಹೋದರೆ, “ನಮ್ಮ ಮನಿ ಬೀಜ ಮುಗದಾವ ಅಳಿಯಾ, ಬದ್ನಿಕಾಯಿ ಉಣ್ಣು” ಎಂದರು. ಇಷ್ಟು ಪ್ರಾಮಾಣಿಕ ಮಂತ್ರಿ ಯಾವ ಅಳಿಯನಿಗೂ ಬೇಡ!

ಈ ಮಳೆಗಾಲದಲ್ಲಿ ಮಾವ ಜ್ವರದಿಂದ ಮಲಗಿದರು, ನಾನು ನೋಡಲು ಬಂದಿದ್ದೆ. ಮೀನು ಮೊಟ್ಟೆಯಿಡುವ ಸಮಯ, ಮಡುವಿಗೆ ಕಾವಲಿಲ್ಲ. “ಹೋಗಿ ನೋಡ್ಕೊಂಡ ಬಾ. ಎಲ್ಲಾರೂ ಬಲಿ ಹಾಕಿರ್ತಾರ, ಮಾಡಿದ್ದೆಲ್ಲಾ ಹೋತು” ಎಂದು ಒದ್ದಾಡುತ್ತಿದ್ದರು. ಹೋದೆ. ಒಂದು ಬಲೆಯೂ ಇರಲಿಲ್ಲ. ಬಂಡೆಯ ಮೇಲೆ ಕಂಬಳಿ ಹೊದ್ದು ಅಂಜಪ್ಪ ಕೂತಿದ್ದ.

“ಹ್ವಾದ ವರ್ಷದ ಮರಿ ಮೊಳಕೈ ಉದ್ದ ಬಂದಾವ್ರಿ. ಅವ್ರು ಏಳೂತನಕ ನಾ ಕಾಯ್ತೀನಿ” ಎಂದವನು, ತಕ್ಷಣ ಮುಖ ಬಿಗಿದುಕೊಂಡು ಸೇರಿಸಿದ: “ಅವ್ರಿಗೆ ಹೇಳಬ್ಯಾಡ್ರಿ ಮತ್ತ. ನಾವು ಮಾತು ಬಿಟ್ಟೀವಿ.”

ಇಷ್ಟು ದಿನ ಮಾವನನ್ನು ಆಡಿಕೊಂಡು ನಕ್ಕವನಿಗೆ ಅಲ್ಲೇ ಕಣ್ಣು ತುಂಬಿತು. ವಾಪಸು ಬಂದು, “ಮಾಮಾ, ಯಾರೂ ಬಲಿ ಹಾಕಿಲ್ಲ” ಎಂದಷ್ಟೇ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ.

ಮಾವ ದಿಂಬಿಗೆ ಒರಗಿ ಕಿಟಕಿಯಾಚೆಯ ಮಳೆ ನೋಡಿದರು. ಆಮೇಲೆ ಅಡುಗೆಮನೆಯತ್ತ ತಿರುಗಿ ಅತ್ತೆಗೆ ಹೇಳಿದರು:

“ಅಂಜಪ್ಪಗ ಒಂದೀಟು ಬಿಸಿ ಚಾ ಕಳಸು. ಮಳ್ಯಾಗ ಕುಂತಾನ.”