ನಾನೇ ಸರ್ವರ್, ನಾನೇ ಕ್ಲೈಂಟ್

ಕೇಳಿ ಪಡೆಯುವುದೆಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ಸಾರಿಗೆ ಉಪ್ಪು ಕಡಿಮೆಯಾದರೂ ಬಾಯಿಬಿಡದೆ, ಮುಖ ಸಪ್ಪೆ ಮಾಡಿಕೊಂಡು, ಹೆಂಡತಿಗೆ ತಾನಾಗಿಯೇ ತಿಳಿಯಲಿ ಎಂದು ಕಾಯುವವರ ಪೈಕಿ ನಾನು. ಇಂಥವನು ಹಿಂದೂಪುರದಲ್ಲಿ, ಹುಣಸೆಹಣ್ಣಿನ ಗೋದಾಮಿನ ಪಕ್ಕದ ಕೋಣೆಯಲ್ಲಿ, ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿದ್ದೇನೆ. ಕಲ್ಯಾಣದುರ್ಗದಲ್ಲಿ ನನ್ನ ಹೆಂಡತಿಯ ತಮ್ಮ ನಾಗರಾಜನದೂ ಇಂಥದೇ ಕೇಂದ್ರ. ಅಲ್ಲಿಯ ಗಂಡುಗಳು ಇಲ್ಲಿ, ಇಲ್ಲಿಯ ಹೆಣ್ಣುಗಳು ಅಲ್ಲಿ ಕೂತಲ್ಲೇ ಕಾಣಲಿ ಎಂದು ಇಬ್ಬರೂ ಸೇರಿ ನೆಟ್‌ವರ್ಕ್ ಸಾಫ್ಟ್‌ವೇರ್ ತರಿಸಿದೆವು.

ಹಾಕಲು ಕೂತರೆ ಮೊದಲ ಪ್ರಶ್ನೆಯೇ, ಈ ಕಂಪ್ಯೂಟರ್ ಸರ್ವರೋ ಕ್ಲೈಂಟೋ ಎಂದು. ಮಾರಿದವನಿಗೆ ಫೋನ್ ಮಾಡಿದೆ. "ಸರ್ವರ್ ಕೊಡೋದು ಸಾರ್, ಕ್ಲೈಂಟ್ ಕೇಳೋದು" ಎಂದ. ಯೋಚಿಸುವುದೇನಿದೆ? ನಾನು ಆ ಮನೆಯ ಹಿರಿಯ ಅಳಿಯ. ಸರ್ವರ್ ಒತ್ತಿ, ನೀನು ಕ್ಲೈಂಟ್ ಹಾಕಿಕೋ ಎಂದು ನಾಗರಾಜನಿಗೆ ಹೇಳಿದೆ.

"ಅದೆಂಗಾಯ್ತದೆ ಬಾವಾ? ಹೆಣ್ಣು ಕೊಟ್ಟೋರು ಅಂತ ಮದ್ವೇಲಿ ನಮ್ಮಪ್ಪ ನಿಮ್ಮ ಕಾಲು ತೊಳ್ದಿದ್ದು ಸಾಲ್ದಾ? ಮಿಷನ್ನಾಗೂ ನಾವೇ ತಗ್ಗಬೇಕಾ? ನಾನೂ ಸರ್ವರೇ ಹಾಕ್ಬುಟ್ಟಿವ್ನಿ!"

ಮಾತು ಅಲ್ಲಿಗೆ ನಿಂತಿತು. ಎರಡೂ ಕಡೆ ಸರ್ವರೇ ಆದರೆ ಕನೆಕ್ಷನ್ ಆಗದು. ನೆಟ್‌ವರ್ಕ್ ಸಾಫ್ಟ್‌ವೇರ್ ಇರುವ ಒಂಟಿ ಕಂಪ್ಯೂಟರ್ ನನ್ನದಾಯಿತು. "ಏಂ ಪರ್ವಾಲೇದು, ಏನೂ ತೊಂದರೆಯಿಲ್ಲ ಸಾರ್, ಸದ್ಯಕ್ಕೆ ಎರಡೂ ಅದರಲ್ಲೇ ಹಾಕ್ಕೊಳ್ಳಿ" ಎಂದ ಮಾರಿದವನು. ಅಂದಿನಿಂದ ನನ್ನದೇ ಪಟ್ಟಿ ನೋಡಲು ಕ್ಲೈಂಟಾಗಿ ನಾನು ಕಾರಣ ಬರೆದು ಅರ್ಜಿ ಹಾಕಬೇಕು, ಸರ್ವರಾಗಿ ನಾನೇ ಅನುಮತಿ ಕೊಡಬೇಕು. ಒಮ್ಮೆ ಕಾರಣ ಸರಿಯಿಲ್ಲವೆಂದು ತಿರಸ್ಕರಿಸಿಯೂಬಿಟ್ಟೆ.

ಆಗ ಬಂದವರು ರೊದ್ದಂ ಕಡೆಯ ಗಂಗಪ್ಪ. ಮಗಳು ಟೀಚರ್, ಮೂರು ವರ್ಷದಿಂದ ಗಂಡು ಕೂಡಿಬಂದಿರಲಿಲ್ಲ. ಅವಳಿಗೆ ಒಪ್ಪುವಂಥ ಹುಡುಗನೊಬ್ಬ ನಾಗರಾಜನ ಪಟ್ಟಿಯಲ್ಲಿದ್ದಾನೆಂದು ಹೆಂಡತಿಯಿಂದ ನನಗೆ ಗೊತ್ತಾಗಿತ್ತು. ಆ ಹುಡುಗನ ಮನೆಯವರು ಶುಕ್ರವಾರ ಬೇರೆ ಕಡೆ ಮಾತು ಕೊಡುವವರಿದ್ದರು. ಗಂಗಪ್ಪನವರಿಗೆ ದಿನವೂ "ಕನೆಕ್ಷನ್ ಇನ್ನೂ ಆಗಿಲ್ಲ" ಎನ್ನುತ್ತಿದ್ದೆ. ಗುರುವಾರ ಅವರ ಸೋತ ಮುಖ ನೋಡಲಾಗದೆ ನಿಜ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ.

"ಕೇಳಾಕೆ ನಾಚಿಕೇನಾ ಸ್ವಾಮಿ? ಹೆಣ್ಣೆತ್ತೋನು ನಾನು, ಕೇಳೋದೇನೂ ಹೊಸದಲ್ಲ. ಫೋನ್ ಇತ್ತ ಕೊಡಿ, ನಾನೇ ಕೇಳ್ತೀನಿ."

ಕೇಳಿದರು. ನಾಗರಾಜ ಹುಡುಗನ ಊರು, ಓದು, ನಕ್ಷತ್ರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ; ಹುಡುಗನ ಮನೆಯವರನ್ನು ತಡೆದು ನಿಲ್ಲಿಸಿದ; ಭಾನುವಾರ ಹೆಣ್ಣು ನೋಡುವುದೆಂದಾಯಿತು. ಗಂಗಪ್ಪ ನನಗೂ ಕೈಮುಗಿದು ಹೋದರು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಸರ್ವರನ್ನು ಅಳಿಸಿ ಕ್ಲೈಂಟ್ ಒತ್ತಬೇಕೆಂದು ಮೌಸ್ ಹಿಡಿದೆ. ಅಷ್ಟರಲ್ಲಿ ಫೋನ್ ಬಂತು.

"ಬಾವಾ, ಆ ಯಜಮಾನ್ರು ಕೇಳಿದ್ದು ನೋಡಿ ಮನಸ್ಸು ತಡೀಲಿಲ್ಲ ಕಣಪ್ಪ. ನಾನೇ ಕ್ಲೈಂಟ್ ಹಾಕ್ಕೊಂಬುಟ್ಟೆ."

"ಒಳ್ಳೆಯದು, ಈಗಲಾದರೂ ಬುದ್ಧಿ ಬಂತಲ್ಲ" ಎಂದೆ. ನನ್ನ ಬೆರಳು ಆಗ ಎಲ್ಲಿತ್ತೆಂಬುದನ್ನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಅವನಾಗಿ ಕೇಳಿದರೆ ನೋಡೋಣ.