ಉಡಿಯಲ್ಲಿ ತೂಕದ ಕಲ್ಲು

‘ನಾನು ಸುಳ್ಳು ಹೇಳಿಲ್ಲ. ಫೋಟೋ ಇಟ್ಟೆ, ಅಷ್ಟೇ’ ಎಂದು ದಾನೇಶ್ವರಿ ಬೆಳಿಗ್ಗೆ ಡೈರಿಯಲ್ಲಿ ಬರೆದಳು. ಓದಿ ನೋಡಿ ‘ಅಷ್ಟೇ’ ಎಂಬುದನ್ನು ಹೊಡೆದು ಹಾಕಿದಳು. ಉಳಿದದ್ದೂ ನಿಜವೆನಿಸಲಿಲ್ಲ.

ಆದದ್ದು ಇಷ್ಟು. ಬಿ.ಎಸ್ಸಿ. ಮುಗಿದ ಮೇಲೆ ನಿಪ್ಪಾಣಿಯ ಗೆಳತಿ ಸ್ನೇಹಲಳ ಜೊತೆ ಮಾಲವಣಕ್ಕೆ ಸಮುದ್ರ ನೋಡಲು ಹೋಗಿದ್ದಳು. ಅಲ್ಲಿ ಬೆನ್ನಿಗೆ ಸಿಲಿಂಡರು ಕಟ್ಟಿ ಜನರನ್ನು ನೀರಿನ ತಳಕ್ಕೆ ಇಳಿಸುತ್ತಾರೆ. ಸ್ನೇಹಲ ಇಳಿದಳು. ದಾನೇಶ್ವರಿ ದೋಣಿಯ ಅಂಚು ಹಿಡಿದು ವಾಂತಿ ಮಾಡಿಕೊಂಡಳು. ಮರುದಿನ ಸ್ನೇಹಲ ಫೋಟೋ ಕಳಿಸಿದಳು. ಕರೀ ಅಂಗಿ, ಮುಖ ಮುಚ್ಚಿದ ಗಾಜು, ಹಳದಿ ಪಟ್ಟೆಯ ಮೀನುಗಳ ನಡುವೆ ಹಾಸಿಗೆಯ ಮೇಲೆ ಮಲಗಿದಷ್ಟು ನಿರಾಳವಾಗಿ ತೇಲುವ ಒಂದು ದೇಹ. ಗಾಜಿನ ಹಿಂದೆ ಯಾರಿದ್ದರೇನು? ಒಮ್ಮೆಯಾದರೂ ತನ್ನನ್ನು ಯಾರಾದರೂ ನೋಡಲಿ ಎಂದುಕೊಂಡು ದಾನೇಶ್ವರಿ ಅದನ್ನೇ ತನ್ನ ಸ್ಟೇಟಸ್ಸಿಗೆ ಹಾಕಿದಳು.

ಇಡೀ ಶಿರಗುಪ್ಪಿ ನೋಡಿತು. “ನಮ್ಮ ದಾನವ್ವ ಸಮುದ್ರದ ತಳಾ ಮುಟ್ಟಿ ಬಂದಾಳ” ಎಂದು ಅವ್ವ ಕಸ್ತೂರೆವ್ವ ಹಾಲಿನ ಡೇರಿಯಿಂದ ಹಿಟ್ಟಿನ ಗಿರಣಿಯವರೆಗೆ ಸುದ್ದಿ ಹಂಚಿದಳು. ತಳ ಮುಟ್ಟಿದ್ದು ತಾನು ತಿಂದಿದ್ದ ಇಡ್ಲಿ ಎಂದು ಹೇಳುವ ಧೈರ್ಯ ಮಗಳಿಗೆ ಬರಲಿಲ್ಲ.

ಮೂರು ತಿಂಗಳಿಗೆ ಅದರ ಫಲ ಬಂತು. ಮಹಾಪೂರದ ರಕ್ಷಣೆಗೆಂದು ಪುಣೆಯ ದಾನಿಯೊಬ್ಬರು ಊರಿನ ಯುವಕ ಮಂಡಳಕ್ಕೆ ಒಂದು ಪೆಟ್ಟಿಗೆ ಕಳಿಸಿದರು. ಅದರಲ್ಲಿ ಸಿಲಿಂಡರು, ಉಸಿರಿನ ನಳಿಗೆ, ಮತ್ತು ಬೆನ್ನಿನ ಮೇಲೆ ಮಾತ್ರ ಗಾಳಿ ತುಂಬಿಕೊಳ್ಳುವ ಜಾಕೀಟು ಇದ್ದವು. ಮಂಡಳದ ಅಧ್ಯಕ್ಷ ಮಲ್ಲೇಶ, ಅವಳು ಡೈರಿ ಬರೆದ ಬೆಳಿಗ್ಗೆಯೇ, ಒಂಬತ್ತು ಗಂಟೆಗೆ ಬಾಗಿಲಿಗೆ ಬಂದು ನಿಂತ.

“ದಾನಕ್ಕಾ, ನಡಿ. ನಿಮ್ಮ ಬಾವ್ಯಾಗ ಪ್ರಾತ್ಯಕ್ಷಿಕೆ. ಫ್ಲೆಕ್ಸ್ ಕಟ್ಟಿ ಬಂದೇನಿ.”

“ಅಣ್ಣಾ, ನಂಗ... ಅದು...”

“ನೋಡ್ರಿ, ಎಷ್ಟ ಸೌಮ್ಯ! ಓದಿದವರು ಹಿಂಗ ಇರ್ತಾರ” ಎಂದು ಪಕ್ಕದ ಮನೆಯ ಅಕ್ಕುತಾಯಿ ಗೋಡೆಯಾಚೆಯಿಂದಲೇ ತೀರ್ಪು ಕೊಟ್ಟಳು.

ಕಬ್ಬಿನ ನಡುವಿನ ಬಾವಿಯ ಸುತ್ತ ಅಷ್ಟರಲ್ಲೇ ಅರ್ಧ ಊರು ನೆರೆದಿತ್ತು. ಬೇವಿನ ಮರಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಅದೇ ಫೋಟೋ, ಎಮ್ಮೆಯಷ್ಟು ದೊಡ್ಡದು. ಕೆಳಗೆ ದಾನೇಶ್ವರಿಯ ಹೆಸರು. ಅವಳಿಗೆ ಕಬ್ಬಿನೊಳಗೆ ನುಗ್ಗಿ ಹಾಗೇ ಕಾರ್ಖಾನೆಗೆ ಹೋಗಿ ಅರೆದುಹೋಗಬೇಕೆನಿಸಿತು.

ಮಲ್ಲೇಶ ಬಾವಿಯಿಂದ ಹತ್ತು ಮಾರು ದೂರ ನಿಂತು ಮೈಕು ಹಿಡಿದ. “ಈಗ ಈ ಹಿತ್ತಾಳಿ ಚರಿಗಿ ಬಾವ್ಯಾಗ ಒಗೀತೇವಿ. ದಾನಕ್ಕ ಅದನ್ನ ತರ್ತಾಳ!” ಚರಿಗೆ ಬುಳುಂ ಎಂದಿತು. ಅಷ್ಟರಲ್ಲಿ ಒಂದು ತೊಡಕು ಎದುರಾಯಿತು. ಮುಳುಗಲು ಬೇಕಾದ ಸೀಸದ ತೂಕ ಪೆಟ್ಟಿಗೆಯಲ್ಲಿ ಇರಲಿಲ್ಲ. ಬೆಲ್ಲದ ಅಂಗಡಿಯಿಂದ ಎರಡೆರಡು ಕಿಲೋದ ಎರಡು ಕಬ್ಬಿಣದ ತೂಕದ ಕಲ್ಲು ತರಿಸಲಾಯಿತು. ಇಡುವುದೆಲ್ಲಿ?

“ಎಲ್ಲಿ ಅಂದ್ರ? ಉಡ್ಯಾಗ” ಎಂದಳು ಅಕ್ಕುತಾಯಿ. “ಗಂಗವ್ವನ ಮನೀಗಿ ಹೆಣ್ಣುಮಗಳು ಬರೇ ಉಡೀಲೆ ಹೊಕ್ಕಾಳೇನ?”

ದುಪಟ್ಟಾ ಹೊಟ್ಟೆಗೆ ಸುತ್ತಿ, ಕುಪ್ಪಸದ ಬಟ್ಟೆ, ಐದು ಮುಷ್ಟಿ ಅಕ್ಕಿ, ಉತ್ತತ್ತಿ, ತೆಂಗಿನಕಾಯಿ, ಅವುಗಳ ಮೇಲೆ ನಾಲ್ಕು ಕಿಲೋ ಕಬ್ಬಿಣ ತುಂಬಿ ಮೂರು ಗಂಟು ಬಿಗಿದರು. ಕಸ್ತೂರೆವ್ವ ಕಣ್ಣೊರೆಸಿಕೊಂಡಳು. ಮಗಳು ಗಂಡನ ಮನೆಗೆ ಹೊರಟವಳಂತೆಯೇ ತಲೆ ತಗ್ಗಿಸಿದ್ದಳು.

ಮೆಟ್ಟಿಲ ಮೇಲೆ ಕೂತಿದ್ದ ಕಾಡಸಿದ್ದಜ್ಜ ಎಲೆ ಉಗುಳಿದ. ಬೆನ್ನಿಗೆ ತಗಡಿನ ಡಬ್ಬಿ ಕಟ್ಟಿ ಇದೇ ಬಾವಿಗೆ ತಳ್ಳಿ ಅರ್ಧ ಊರಿಗೆ ಈಜು ಕಲಿಸಿದವನು ಅವನು. “ಲೇ ಮಲ್ಯಾ, ಡಬ್ಬಿ ಬೆನ್ನಿಗೆ, ಕಲ್ಲ ಹೊಟ್ಟಿಗೆ. ಮಾರಿ ಎಲ್ಲಿ ಹೊಕ್ಕೈತಿ, ವಿಚಾರ ಮಾಡೀಯೇನ?”

“ಅಜ್ಜಾ, ಇದು ಡಬ್ಬಿ ಅಲ್ಲ, ತಂತ್ರಜ್ಞಾನ.”

ದಾನೇಶ್ವರಿ ನಳಿಗೆ ಕಚ್ಚಿಕೊಂಡು ಕೊನೆಯ ಮೆಟ್ಟಿಲಿನಿಂದ ಜಾರಿದಳು. ಜಾಕೀಟಿನ ಗಾಳಿ ಬೆನ್ನನ್ನು ಮೇಲಕ್ಕೆತ್ತಿತು, ಉಡಿ ಹೊಟ್ಟೆಯನ್ನು ಕೆಳಕ್ಕೆಳೆಯಿತು. ಹಂಚಿನ ಮೇಲೆ ತಿರುವಿದ ರೊಟ್ಟಿಯಂತೆ ಅವಳು ಪಟ್ಟನೆ ಮಕಾಡೆಯಾದಳು. ತಲೆ ಎತ್ತಿದಷ್ಟೂ ಬೆನ್ನಿನ ಗಾಳಿ ಅವಳನ್ನು ಮುಂದಕ್ಕೆ ಒತ್ತಿತು. ನಳಿಗೆಯಿಂದ ಉಸಿರೇನೋ ಬರುತ್ತಿತ್ತು, ಮಾನ ಮಾತ್ರ ಗುಳ್ಳೆಯಾಗಿ ಮೇಲೆ ಹೋಗುತ್ತಿತ್ತು.

“ತಳಾ ಹುಡುಕಾಕತ್ತಾಳ!” ಮೈಕಿನಲ್ಲಿ ಮಲ್ಲೇಶ ಕೂಗಿದ. ಚಪ್ಪಾಳೆ ಬಿತ್ತು.

ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಮಲ್ಲೇಶನ ಕೈಯಲ್ಲಿತ್ತು. ಕಷ್ಟವಾದರೆ ಅದನ್ನು ಮೂರು ಸಲ ಜಗ್ಗಬೇಕೆಂದು ಮಾತಾಗಿತ್ತು. ಅವಳು ಮೂರು ಸಲ ಜಗ್ಗಿದಳು. ಮಲ್ಲೇಶ ಮೂರು ಮಾರು ಹಗ್ಗ ಸಡಿಲು ಬಿಟ್ಟ. ಅವಳು ಕೈಕಾಲು ಬಡಿದಳು.

“ಏನ್ ಈಸ ಬಿದ್ದಾಳ ನೋಡ್ರಿ ಹುಡುಗಿ!” ಎಂದಳು ಅಕ್ಕುತಾಯಿ.

ಉಡಿಯ ಸಂದಿನಿಂದ ತೆಂಗಿನಕಾಯಿ ಜಾರಿ, ತಾನೊಬ್ಬನೇ ಬುದ್ಧಿವಂತ ಎಂಬಂತೆ ಮೇಲೆ ತೇಲಿತು. ಅದನ್ನು ಕಂಡದ್ದೇ ಕಾಡಸಿದ್ದಜ್ಜ ಧೋತರ ಕಟ್ಟಿ ಹಾರಿದ. ಗಂಟು ಬಿಚ್ಚಿ ಕಬ್ಬಿಣವನ್ನು ಬೆನ್ನ ಕಡೆ ಸಿಲಿಂಡರಿನ ಪಟ್ಟಿಗೆ ಸಿಕ್ಕಿಸುವಾಗ ಅವನ ಕೈ ಯಾವುದೋ ಗುಂಡಿಗೆ ತಾಗಿ ಜಾಕೀಟಿನ ಗಾಳಿ ಸುಯ್ಯೆಂದು ಅರ್ಧ ಇಳಿಯಿತು. ದಾನೇಶ್ವರಿ ಮೆಲ್ಲಗೆ ಒಂದಾಳು ಕೆಳಗಿಳಿದು ಅಲ್ಲೇ ನಿಂತಳು. ಏಳಲೂ ಇಲ್ಲ, ಮುಳುಗಲೂ ಇಲ್ಲ. ತಕ್ಕಡಿಯ ಮುಳ್ಳು ನಡುವೆ ನಿಂತ ಹಾಗೆ ಅಡ್ಡಲಾಗಿ, ಹಗುರವಾಗಿ, ಆ ಫೋಟೋದಲ್ಲಿದ್ದಂತೆಯೇ. ಆದರೆ ಇದನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಜನ ನೋಡಿದ್ದೆಲ್ಲ ಸುಳ್ಳು, ನೋಡದ್ದೊಂದೇ ನಿಜ ಎಂದು ಅವಳಿಗೆ ನೀರಿನಲ್ಲೇ ನಾಚಿಕೆಯಾಯಿತು.

ಅಜ್ಜ ಅವಳನ್ನು ಮೇಲಕ್ಕೆಳೆದ. “ಹಿಂದಕ್ಕ ವಾಲು. ಕಟ್ಟೀಗಿ ಆನಿಸಿ ಕುಂತಂಗ ಮಾಡು, ಮೊಣಕಾಲ ಮುಂದ ತಾ. ಹಾಂ!” ಈ ಸಲ ಮುಖ ಆಕಾಶದ ಕಡೆ ತಿರುಗಿತು. ಅವಳ ಕಣ್ಣು ನೋಡಿದ ಅಜ್ಜ ಮತ್ತೆ ಮುಳುಗಿ, ಚರಿಗೆ ತಂದು ಅವಳ ಕೈಗೆ ನೀರಿನೊಳಗೇ ತುರುಕಿದ.

ಮೇಲೆ ಚರಿಗೆ ಕಂಡಿತು. “ತಂದ್ಲು! ತಂದ್ಲು!” ಎಂದು ಊರು ಕುಣಿಯಿತು. ಆ ಕೂಗಿನಲ್ಲಿ ಅವಳು ಬಾವಿಯಲ್ಲಿ ಮುಳುಗಿದ್ದಕ್ಕಿಂತ ಹೆಚ್ಚು ಮುಳುಗಿದಳು.

ಮಲ್ಲೇಶ ಶಾಲು ಹೊದಿಸಲು ಬಂದಾಗ ಅವಳು ಅವನನ್ನು ಫ್ಲೆಕ್ಸಿನ ಹಿಂದಕ್ಕೆ ಕರೆದಳು. “ಅಣ್ಣಾ, ಈ ಫೋಟೋ...”

ಮಲ್ಲೇಶನ ಮುಖ ಹಿಂಡಿದ ಕಬ್ಬಿನ ಸಿಪ್ಪೆಯಾಯಿತು. “ನಿಂಗ ಗೊತ್ತಾತೇನ? ದಾನಕ್ಕಾ, ನಿನ್ನ ಕಾಲ ಬೀಳ್ತೇನಿ, ಯಾರಿಗೂ ಹೇಳಬ್ಯಾಡ” ಎಂದು ತನ್ನ ಮೊಬೈಲು ತೆರೆದು ತೋರಿಸಿದ. ಅದೇ ಕರೀ ಅಂಗಿ, ಅದೇ ಹಳದಿ ಮೀನುಗಳು. ತಾರೀಖು ಎರಡು ವರ್ಷ ಹಳೆಯದು. ಕೆಳಗೆ ‘ಸಮುದ್ರದ ಹುಲಿ ಮಲ್ಲೇಶಣ್ಣ’ ಎಂದು ಬರೆದಿತ್ತು.

“ಹೋದವರಿಗೆಲ್ಲಾ ಆ ದೋಣ್ಯಾಂವ ಇದನ್ನ ಕಳಿಸ್ತಾನ. ನಾ ದೋಣ್ಯಾಗ ಬರೇ ವಾಂತಿ ಮಾಡ್ಕೊಂಡೇನಿ. ಸಣ್ಣಾಂವಿದ್ದಾಗ ಅಜ್ಜ ಡಬ್ಬಿ ಕಟ್ಟಿದ ದಿನಾನ ಕಬ್ಬಿನಾಗ ಓಡಿ ಹೋಗಿದ್ನಿ. ಫೋಟೋ ಅದ ಇದ್ರೂ ನೀ ಖರೇ ಮುಳುಗಾಕಿ ಅಂತ ತಿಳಿದು ಪೂರದ ತಂಡಕ್ಕ ನಿನ್ನ ಹೆಸರ ಬರಸೇನಿ. ಆಯ್ತವಾರ ಕೃಷ್ಣಾ ಹೊಳ್ಯಾಗ ತರಬೇತಿ, ಕಲಿಸಾಕಿ ನೀನ. ಮಳಿಗಾಲದಾಗ ಜನಾ ತೇಲಿ ಬಂದ್ರ ಹಿಡ್ಯಾಕೀನೂ ನೀನ.”

ದಾನೇಶ್ವರಿ ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಇಡ್ಲಿಯ ಸುಳ್ಳು ಬೇರೆ, ಮಹಾಪೂರದ ಸುಳ್ಳು ಬೇರೆ. ಅಷ್ಟರಲ್ಲಿ ಯಾರೋ ಫ್ಲೆಕ್ಸ್ ಸರಿಸಿ ಅವಳ ಕೈಗೆ ಮೈಕು ಕೊಟ್ಟರು. ಕಸ್ತೂರೆವ್ವ ಎಲ್ಲರಿಗಿಂತ ಮುಂದೆ ಕೂತು ಚರಿಗೆಯನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಮೆಟ್ಟಿಲ ಮೇಲೆ ಕಾಡಸಿದ್ದಜ್ಜ ಧೋತರ ಹಿಂಡುತ್ತಿದ್ದ.

ಮೈಕು ಒಮ್ಮೆ ಕಿರುಚಿತು. ಆಮೇಲೆ ಅವಳ ಸಣ್ಣ ದನಿ ಕಬ್ಬಿನ ಗದ್ದೆಯುದ್ದಕ್ಕೂ ಕೇಳಿಸಿತು.

“ಆ ಫೋಟೋದಾಗ ಇರೂದು ನಾ ಅಲ್ರಿ. ನಂಗ ಈಸಾಕ ಬರೂದಿಲ್ಲ.” ಅವಳು ಒಂದು ಉಸಿರು ತೆಗೆದುಕೊಂಡಳು. “ಮಲ್ಲೇಶಣ್ಣಗೂ ಬರೂದಿಲ್ರಿ.”