ದಫೇದಾರರ ಅನುಮಾನ

ನನಗೂ ಖಾಕಿ ಬಟ್ಟೆಗೂ ಅದೇನು ಋಣವೋ, ಎದುರಾದಾಗಲೆಲ್ಲ ಏನಾದರೊಂದು ನಡೆಯದೆ ಬಿಟ್ಟದ್ದಿಲ್ಲ. ಸ್ವಾತಂತ್ರ್ಯ ಚಳವಳಿ ಜೋರಾಗಿದ್ದ ವರ್ಷ ಬಯಲುಸೀಮೆಯಿಂದ ಕೊಪ್ಪಕ್ಕೆ ಹೊಸ ದಫೇದಾರರು ಬಂದರು. ನಾನು ಮೈಸೂರಿನಲ್ಲಿ ಬಿ.ಎ. ಮಾಡಿದವಳು, ವಕೀಲರಾದ ಯಜಮಾನರ ಕಾನೂನು ಪುಸ್ತಕಗಳನ್ನು ಅವರಿಗಿಂತ ಹೆಚ್ಚು ಓದಿದವಳು. ನಡೆದದ್ದನ್ನು ಅಂದಂದೇ ಬರೆದಿಡುವುದರಿಂದ ಇಲ್ಲಿ ಒಂದು ಮಾತನ್ನೂ ಸೇರಿಸಿಲ್ಲ. ಚಳವಳಿಗೆ ಸೇರಿ ತಲೆಮರೆಸಿಕೊಂಡಿದ್ದ ನನ್ನ ಮೈದುನನನ್ನು ಹಿಡಿಯುವುದು ದಫೇದಾರರ ಕೆಲಸ. ಹಿಡಿಯದಂತೆ ನೋಡಿಕೊಳ್ಳುವುದು ನಮ್ಮ ಮನೆಯ ಕೆಲಸ.

ಕಾರಣ

ಪೇಟೆಯಲ್ಲಿ ದಫೇದಾರರು ನನ್ನನ್ನು ತಡೆದರು. "ಎಲ್ಲಿಗಮ್ಮಾ?"

"ದಾರಿಯಲ್ಲಿ ಹೋಗುವವರನ್ನು ತಡೆದು ಕೇಳಬೇಕಾದರೆ ಅನುಮಾನಕ್ಕೆ ಕಾರಣ ಇರಬೇಕು. ನಿಮಗೇನು ಕಾರಣ?"

ದಫೇದಾರರು ತಲೆ ಕೆರೆದುಕೊಂಡರು. "ಇಷ್ಟು ಹೊತ್ತು ಇರಲಿಲ್ಲ. ಹೀಗೆ ಕೇಳಿದಿರಲ್ಲ, ಈಗ ಬಂತು."

ಕತ್ತಿ

ನಮ್ಮ ಕಡೆ ಕೆಲಸಕ್ಕೆ ಹೋಗುವ ಗಂಡಸಿನ ಸೊಂಟದಲ್ಲಿ ಕತ್ತಿ ಇಲ್ಲದಿದ್ದರೇ ಅನುಮಾನ ಪಡಬೇಕು. ಇದು ತಿಳಿಯದೆ ದಫೇದಾರರು ಸಂತೆಯ ದಿನ ಎಲ್ಲರ ಕತ್ತಿ ಬಿಚ್ಚಿಸಿ ಠಾಣೆಯಲ್ಲಿ ರಾಶಿ ಹಾಕಿದರು. ಕೆಲಸದ ಹತಾರ ಅಪರಾಧವಲ್ಲವೆಂದು ಯಜಮಾನರು ವಾದಿಸಿದ ಮೇಲೆ ದಫೇದಾರರು, "ಅವರವರದು ಅವರವರು ತಗೊಳ್ಳಿ" ಎಂದರು. ಮೊದಲು ಬಂದವರೆಲ್ಲ ಹೊಸ ಕತ್ತಿಗಳನ್ನೇ ಗುರುತು ಹಿಡಿದರು. ಕೊನೆಗೆ ಬಂದ ಕಮ್ಮರಡಿಯ ಆಳಿಗೆ ಉಳಿದದ್ದು ತುಕ್ಕು ಹಿಡಿದ ಮೊಂಡುಕತ್ತಿ.

"ನನ್ನ ಕತ್ತಿ ಕಳುವಾಗಿದೆ, ದೂರು ಬರ್ಕಳಿ."

"ಯಾರ ಮೇಲೆ ಅನುಮಾನ?"

"ಕಡೆಗೆ ಕೊಟ್ಟಿದ್ದು ನಿಮ್ಮ ಕೈಗೇ ಅಲ್ದಾ ಮಾರಾಯ್ರೆ!"

ಮಡಿಗಂಟು

ಶ್ರಾವಣದಲ್ಲಿ ಅತ್ತೆಯವರು ಶೃಂಗೇರಿಗೆ ಹೊರಟರು. ಬಗಲಲ್ಲಿ ಕಂಬಳಿ ಸುತ್ತಿದ ಮಡಿಸೀರೆಯ ಗಂಟು. ಅದರೊಳಗೆ ಮೈದುನ ಬರೆದ ಕರಪತ್ರಗಳು. ಸಿಕ್ಕಿದರೆ ಮಗನ ಜೊತೆ ತಾಯಿಗೂ ಜೈಲು. ಬಸ್ಸಿನ ಬಳಿ ದಫೇದಾರರು ಅಡ್ಡ ಬಂದರು. "ಗಂಟು ಬಿಚ್ಚಿ."

"ಹೆಂಗಸಿನ ತಪಾಸಣೆ ಹೆಂಗಸೇ ಮಾಡಬೇಕು. ಕಾನೂನು!" ಎಂದೆ, ಯಾರೂ ಸಿಗಲಾರರೆಂಬ ಧೈರ್ಯದಲ್ಲಿ. ಅವರು ನಕ್ಕು, ಠಾಣೆಯ ಹಿಂದಿನ ಮನೆಯಿಂದ ಹೆಂಡತಿಯನ್ನೇ ಕರೆಸಿದರು.

ಆಕೆ ಗಂಟು ಕಂಡವರೇ ಹಿಂದೆ ಸರಿದರು. "ಮಡಿಗಂಟು ಹೀಗೇ ಮುಟ್ಟಿದ್ರೆ ಪಾಪ ನಿಮಗೆ ಬರುತ್ತಾ? ಸ್ನಾನ ಮಾಡಿ ಮಡಿ ಉಟ್ಟು ಬರ್ತೀನಿ."

"ನಿಧಾನಕ್ಕೆ ಬಾ ಮಗಾ" ಎಂದರು ಅತ್ತೆ.

ಸ್ನಾನವೇನೋ ಆಯಿತು. ಮಳೆಗೆ ಆಕೆಯ ಮಡಿಸೀರೆ ಒಣಗಿರಲಿಲ್ಲ. ಬೇಗ ಒಣಗಲೆಂದು ದಫೇದಾರರು ಹಿಂಡಲು ಹೋದರು. ಮೈಲಿಗೆಯಾಯಿತೆಂದು ಆಕೆ ಸೀರೆಯನ್ನು ಮತ್ತೆ ನೀರಿಗೆ ಹಾಕಿದರು.

ಬಸ್ಸು ಹಾರನ್ ಹೊಡೆಯಿತು. "ಏನೂ ಸಿಗದೆ ಪ್ರಯಾಣಿಕರನ್ನು ಹಿಡಿದಿಡುವ ಹಾಗಿಲ್ಲ" ಎಂದು ಅತ್ತೆಯವರನ್ನು ಹತ್ತಿಸಿಬಿಟ್ಟೆ.

ಮರುದಿನ ಇನ್ಸ್‌ಪೆಕ್ಟರು, "ಯಾಕಯ್ಯಾ ಬಿಟ್ಟೆ?" ಎಂದು ಗದರಿದರಂತೆ. ದಫೇದಾರರು ಸೆಟೆದು ನಿಂತು ಸಲಾಮು ಹೊಡೆದು ಹೇಳಿದರಂತೆ:

"ಕಾನೂನೆಲ್ಲ ಸರಿಯಾಗೇ ಪಾಲಿಸಿದೆ ಸ್ವಾಮಿ. ಸೀರೆ ಒಣಗಲಿಲ್ಲ."